ಮಂಗಟ್ಟೆಯ ಗೂಡು

ಸಾವಿತ್ರಿ, ಆ ಮಂಗಟ್ಟೆ ಹಕ್ಕಿಯ ಗೂಡನ್ನು ಬಂದೂಕಿನವನಿಗೆ ತೋರಿಸಿದವಳು ನಾನು. ನೀನು ಬದುಕಿದ್ದಾಗ ಹೇಳಬೇಕಿದ್ದ ಮಾತು — ಹೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ನಾನು ಮಿರ್ಜಾನಕ್ಕೆ ಸೊಸೆಯಾಗಿ ಬಂದಾಗ, ಪಕ್ಕದ ಮನೆಯ ನೀನೇ ಹಳ್ಳದ ದಂಡೆಯ ಕಾಡಿಗೆ ಕರೆದೊಯ್ದೆ. ನೆಪ ಸೌದೆಯದು, ನೋಡುತ್ತಿದ್ದುದು ಹಕ್ಕಿಗಳನ್ನು. ಮಳೆ ಬಿಟ್ಟ ಮೇಲೆ ಮಿಂಚುಳ್ಳಿ, ಚಳಿಗೆ ಎಲ್ಲಿಂದಲೋ ಬಂದು ಬಾಲ ಕುಣಿಸುವ ಪುಟ್ಟ ಹಕ್ಕಿಗಳು, ಬೇಸಿಗೆಗೆ ಮಂಗಟ್ಟೆ. ನಿನ್ನ ಬಸಿರು ನಿಲ್ಲದೆ ಹೋದದ್ದಕ್ಕೆ ಊರವರು 'ಅವಳ ಕಣ್ಣು ಕೆಟ್ಟದ್ದು' ಎನ್ನುತ್ತಿದ್ದರು. ನೀನು ನಕ್ಕುಬಿಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ನೀನು ನನಗೆ ಗೂಡು ತೋರಿಸಿದೆ. ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಮರದ ಪೊಟರೆಯೊಳಗೆ ಕೂತು, ಹೊರಬರಲಾಗದಂತೆ ಬಾಗಿಲು ಮೆತ್ತಿಕೊಂಡಿತ್ತು. ಸಣ್ಣ ಸೀಳಿನಿಂದ ಗಂಡು ಹಣ್ಣು ಉಣಿಸುತ್ತಿತ್ತು. "ಯಾರಿಗೂ ಹೇಳೂದು ಬೇಡ ಹಾಂ," ಎಂದಿದ್ದೆ ನೀನು.

ಆ ಬೇಸಿಗೆಯಲ್ಲೇ ನನ್ನ ಅಣ್ಣ ಕುಮಟೆಯಿಂದ ಬಂದ. ತವರಿನವರೆದುರು ನನಗೂ ಏನೋ ಗೊತ್ತಿದೆ ಎಂದು ಮೆರೆಯುವ ಆಸೆ — ನಾನೇ ಮುಂದಾಗಿ ಗೂಡಿನತ್ತ ನಡೆದೆ. ನೋಡಲಿಕ್ಕಷ್ಟೇ ಎಂದುಕೊಂಡೆನೆ? ಅವನ ಹೆಗಲ ಮೇಲಿನ ಕೋವಿ ಕಾಣುತ್ತಿತ್ತಲ್ಲ... ಹಣ್ಣು ಕಚ್ಚಿಕೊಂಡು ಬಂದ ಗಂಡು ನನ್ನ ಕಣ್ಣೆದುರೇ ಬಿತ್ತು. ಒಳಗಿನಿಂದ ಹೆಣ್ಣು ಕೂಗಿತು.

ಅಂದೇ ಹೇಳಿದ್ದರೆ ನೀನು ಯಾರನ್ನಾದರೂ ಮರ ಹತ್ತಿಸಿ ಪೊಟರೆ ಬಿಡಿಸುತ್ತಿದ್ದೆ. ಅದಾದರೂ ಬದುಕುತ್ತಿತ್ತೇನೋ.

ಮರುದಿನ ನೀನು ಕೇಳಿದೆ: "ಗಂಡು ಕಾಣೂದೇ ಇಲ್ಲ. ಎಂತ ಆತೇ ಅದಕ್ಕೆ?"

"ಹಣ್ಣು ಹುಡುಕೂಕೆ ದೂರ ಹೋಗಿರೂದು. ಬತ್ತದೆ ಬಿಡು."

ನೀನು ನಂಬಿದೆ. ದಿನಾ ಹೋಗಿ ಕಾದೆ. ಕೊನೆಗೊಂದು ದಿನ ಸೀಳಿನಲ್ಲಿ ಕೊಕ್ಕು ಕಾಣಲಿಲ್ಲ, ಕೂಗೂ ಇಲ್ಲ. ನೀನು ನಮ್ಮ ಜಗಲಿಯಲ್ಲಿ ಕುಸಿದು ಕೂತು ಅತ್ತುಬಿಟ್ಟೆ: "ಊರವ್ರು ಹೇಳೂದು ಸುಳ್ಳಲ್ಲ. ನನ್ನ ಕಣ್ಣೇ ಬಿತ್ತು ಅದ್ರ ಮೇಲೆ."

ನಾನು ನಿನ್ನ ಬೆನ್ನು ಸವರಿದೆ. ಅಷ್ಟೇ. ಬಾಯಿ ತೆರೆದರೆ ನೀನು ನನ್ನನ್ನು ಹೇಗೆ ನೋಡುವೆಯೋ ಎಂಬ ಭಯ — ನನಗೆ ನನ್ನದೇ ಚಿಂತೆ.

ನೀನು ಮತ್ತೆ ಆ ಕಾಡಿಗೆ ಬರಲಿಲ್ಲ. ವರ್ಷಗಳು ಕಳೆದು ನನಗೆ ಮಗಳು ಹುಟ್ಟಿದಾಗ ನೀನು ಹೊಸ್ತಿಲಾಚೆಯೇ ನಿಂತೆ, ಮುಖ ಆಚೆ ತಿರುಗಿಸಿ. "ಎತ್ತಿಕೊಳ್ಳೇ," ಎಂದು ನಾನು ಮಗುವನ್ನು ನೀಡಿದೆ. ನಿನ್ನ ಕೈ ಮುಂದೆ ಬಂತು, ಮತ್ತೆ ಸೆರಗಿನೊಳಗೆ ಸೇರಿತು.

"ಬೇಡ," ಎಂದೆ ನೀನು. "ಚೆನ್ನಾಗಿರ್ಲಿ ಅದು."

ಆಗಲೂ ನಾನು ಹೇಳಲಿಲ್ಲ, ಸಾವಿತ್ರಿ.