ಮೀನಿಗೆ ಮನೆ ಕಟ್ಟುವ ಮಸ್ಕಿಯ ಖಾಸಿಂಬೀ

ಮಸ್ಕಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾಸಿಂಬೀ ಅಂಗಳದ ಬಾನಿಯಿಂದ ಪುಟ್ಟದೊಂದು ಗುಹೆಯನ್ನು ಎತ್ತಿ ಕಟ್ಟೆಯ ಮೇಲಿಟ್ಟು, ಹೆಬ್ಬೆರಳಿನಿಂದ ಅದರ ಒಳಗೋಡೆ ತಿಕ್ಕುತ್ತಾರೆ. ಬೆರಳು ಜಾರುವುದಿಲ್ಲ, ಬಿಳಿ ಹತ್ತುವುದಿಲ್ಲ. ಬಾಯಿ ಒಡೆದ ಗಡಿಗೆಯನ್ನು ಬೋರಲು ಹಾಕಿ, ಮೇಲೆ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿದ ಈ ಗುಡ್ಡ, ಗಾಜಿನ ತೊಟ್ಟಿಯ ಮೀನುಗಳು ಅಡಗಿ ಕೂರಲಿಕ್ಕೆ. ಇವತ್ತು ಅದು ಲಿಂಗಸುಗೂರಿಗೆ ಹೊರಟಿದೆ.

"ಇನ್ನೊಮ್ಮೆ ನೀರು ಬದಲಿಸಿ ನೋಡು," ಎಂದು ಹೊರಸಿನ ಮೇಲಿಂದಲೇ ಗಂಡ ಮಕ್ತುಮ್‌ಸಾಬ್ ಹೇಳುತ್ತಾರೆ.

"ನೋಡೀನ್ರಿ. ಮಕ್ಕೊಂಡು ಗೌಂಡಿಕಿ ಮಾಡಬ್ಯಾಡ್ರಿ!"

ಮಕ್ತುಮ್‌ಸಾಬ್ ಒಂದು ಕಾಲಕ್ಕೆ ಹೆಸರಾದ ಗೌಂಡಿ. ಅವರು ಗೋಡೆ ಕಟ್ಟಿದರೆ ಖಾಸಿಂಬೀ ಸಿಮೆಂಟ್ ಬುಟ್ಟಿ ಹೊರುತ್ತಿದ್ದರು. ಸಾರವೆಯಿಂದ ಬಿದ್ದು ಗಂಡ ಹಾಸಿಗೆ ಹಿಡಿದ ಮೇಲೆ, ನೋಡಿ ಕಲಿತ ಕೆಲಸವನ್ನೇ ಹೆಂಡತಿ ಅಂಗಳಕ್ಕೆ ತಂದರು. ಲಿಂಗಸುಗೂರಿನ ಕರಿಬಸಯ್ಯನವರ ಮೀನಿನ ಅಂಗಡಿಯಲ್ಲಿ ಆಗ ಪ್ಲಾಸ್ಟಿಕ್ ಗುಡ್ಡಗಳಿದ್ದವು. ಎತ್ತ ತಿರುಗಿದರೂ ಕಲ್ಲುಗುಡ್ಡ ಕಾಣುವ ಊರಿನವರು ಗುಡ್ಡವನ್ನು ಹೊರಗಿನಿಂದ ತರಿಸಿದರೆ ಯಾರಿಗೆ ನಗು ಬಾರದು? ಖಾಸಿಂಬೀ ನಕ್ಕು ಸುಮ್ಮನಾಗಲಿಲ್ಲ, ಕಟ್ಟಿಯೇ ತೋರಿಸಿದರು. ಕೆಲಸ ಕೈಹಿಡಿಯಿತು.

ಎಡವಟ್ಟಾದದ್ದು ಹೋದ ರಂಜಾನಿನಲ್ಲಿ. "ಹಬ್ಬಕ್ಕ ಮನಿಗೆ ಸುಣ್ಣ ಬಳದಿದ್ವಿ ರೀ. ಬಕೀಟಿನಾಗ ಸ್ವಲ್ಪ ಉಳದಿತ್ತು. ನಮ್ಮ ಮನಿ ಬೆಳ್ಳಗ ಆಗ್ಯದ, ಮೀನಿನ ಮನಿ ಯಾಕ ಕಪ್ಪಗಿರಬೇಕು ಅಂತ ಒಳಗೂ ಒಂದು ಕೈ ಹೊಡದೆ," ಎನ್ನುತ್ತಾರೆ ಖಾಸಿಂಬೀ.

ಆ ಸುಣ್ಣ ಅಂಗಡಿಯ ತೊಟ್ಟಿಯ ನೀರಿಗೆ ಬಿಟ್ಟುಕೊಂಡಿತು. ಬೆಳಗಾಗುವಷ್ಟರಲ್ಲಿ ಕರಿಬಸಯ್ಯನವರ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಅವರು ಬೈಯಲಿಲ್ಲ, ಗುಹೆಗಳನ್ನೆಲ್ಲ ಹಿಂದಕ್ಕೆ ಕಳಿಸಿದರು. ಬೈದಿದ್ದರೇ ಚೆನ್ನಾಗಿತ್ತು ಎನ್ನುವಷ್ಟು ಸಂಕಟವಾಯಿತು ಖಾಸಿಂಬೀಗೆ. ಅಂದಿನಿಂದ ಅವರು ಕಟ್ಟಿದ ಗುಹೆ ವಾರಗಟ್ಟಲೆ ಬಾನಿಯಲ್ಲಿ ನೆನೆಯುತ್ತದೆ, ನೀರು ಬದಲಾಗುತ್ತಲೇ ಇರುತ್ತದೆ. ಕಡೆಗೆ ತಮ್ಮದೇ ಗಪ್ಪಿ ಮೀನು ಬಿಟ್ಟು ನೋಡುತ್ತಾರೆ. ಅವು ಆಡಿಕೊಂಡಿದ್ದರಷ್ಟೇ ಗುಹೆ ಬಸ್ಸು ಹತ್ತುತ್ತದೆ.

ಕರಿಬಸಯ್ಯ ಇನ್ನೊಂದು ಸಲ ನೋಡಲು ಒಪ್ಪಿದ್ದಾರೆ, ಒಂದೇ ಸಲ. ಇದೂ ಕೆಟ್ಟರೆ ಖಾಸಿಂಬೀ ಮತ್ತೆ ಬುಟ್ಟಿ ಹೊರಬೇಕು. ಒದ್ದೆ ಗೋಣಿಚೀಲದಲ್ಲಿ ಸುತ್ತಿದ ಗುಹೆಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಇಳಿಸುವುದಿಲ್ಲ.

ಅಂಗಡಿಯಲ್ಲಿ ಕರಿಬಸಯ್ಯ ಗುಹೆಯನ್ನು ತೊಟ್ಟಿಗಿಳಿಸಿ, ಕರಿ ಮೀಸೆಯ ಮೀನೊಂದನ್ನು ಬಿಡುತ್ತಾರೆ. ಅದು ಒಳಗೆ ನುಗ್ಗಿದ್ದೇ ನುಗ್ಗಿದ್ದು, ಪತ್ತೆಯಿಲ್ಲ. ಚಹಾ ಬರುತ್ತದೆ, ಕುಡಿದೂ ಆಗುತ್ತದೆ. ಮೀನು ಹೊರಗೆ ಬರುವುದಿಲ್ಲ.

"ಮತ್ತ ಅದ ಕಥಿ ಆತೇನವ್ವಾ?" ಕರಿಬಸಯ್ಯನವರ ಮುಖ ಸಣ್ಣದಾಗುತ್ತದೆ.

ಖಾಸಿಂಬೀ ಮೊಬೈಲಿನ ಬೆಳಕು ಹಿಡಿದು ಬಗ್ಗುತ್ತಾರೆ. ಒಳಗೆ ಮೀನು ಗೋಡೆಗೆ ಒರಗಿ, ಮೀಸೆ ಆಡಿಸುತ್ತ ಹಾಯಾಗಿ ಕೂತಿದೆ.

"ಬಂದು ನೋಡ್ರಿ. ಹೊರಗ ಬರವಲ್ದು ಅಂದ್ರ ಸತ್ತದಂತ ಅಲ್ಲ, ಮನಿ ಮನಸಿಗೆ ಬಂದದ."

ಕರಿಬಸಯ್ಯ ಇಣುಕಿ ನೋಡಿ ಗಟ್ಟಿಯಾಗಿ ನಗುತ್ತಾರೆ. "ಇಂಥವು ಇನ್ನಷ್ಟು ಕಟ್ಟವ್ವಾ, ಸಿಂಧನೂರಿನ ಅಂಗಡಿಗೂ ಕಳಸೋಣು."

ಖಾಸಿಂಬೀ ಗಾಜಿನಿಂದ ಕಣ್ಣು ತೆಗೆಯುವುದಿಲ್ಲ.

"ಎಷ್ಟೋ ಮನಿಗೆ ಸಿಮೆಂಟ್ ಹೊತ್ತೀನ್ರಿ," ಎನ್ನುತ್ತಾರೆ. "ಕಟ್ಟಿದ ಮ್ಯಾಲ ಒಂದರಾಗೂ ನಮ್ಮನ್ನ ಒಳಗ ಕರದಿಲ್ಲ. ಇರೋರು ಆರಾಮ ಅದಾರಂತ ಕಣ್ಣಾರೆ ನೋಡಾಕ ಸಿಗೋದು ಈ ಕೆಲಸದಾಗ ಮಾತ್ರ."