ಅತ್ತೆ ಮುಂದಿನ ಸೀಟಿಗೆ ಬಂದ ದಿನ

ದಾರಿಯಲ್ಲಿ ಕೈ ಮಾಡಿದ ಆ ಅಜ್ಜನ ತಲೆಯ ರುಮಾಲು ಬಿಳಿಯದೋ ಗುಲಾಬಿ ಬಣ್ಣದ್ದೋ, ಈಗ ಕೇಳಿದರೆ ಹೇಳಲಾರೆ. ನಡೆದದ್ದು ಹೋದ ವಾರವೇ. ಹೊಗಳಿಕೆಯ ವಿಷಯದಲ್ಲಂತೂ ನನ್ನ ನೆನಪನ್ನು ನಾನೇ ನಂಬುವುದಿಲ್ಲ (ದಿನ ಕಳೆದಂತೆ ಅದು ಉಬ್ಬುತ್ತದೆ). ಅದಕ್ಕೇ ಬೇಗ ಬರೆದುಬಿಡುತ್ತಿದ್ದೇನೆ.

ಯಲಬುರ್ಗಾದಿಂದ ಕೊಪ್ಪಳದ ಕಾಲೇಜಿಗೆ ದಿನಾ ಕಾರಿನಲ್ಲಿ ಹೋಗುತ್ತೇನೆ. ಜೊತೆಗೆ ಇಬ್ಬರು ಟೀಚರ್‌ಗಳು ಬರುತ್ತಾರೆ. ಅವತ್ತು ಅವರಿಗೆ ರಜೆ. ಬದಲಿಗೆ ಅತ್ತೆ ಹೊರಟಿದ್ದರು, ಡಾಕ್ಟರಿಗೆ ಮೊಣಕಾಲು ತೋರಿಸಲು.

ಮಗ (ಅಂದರೆ ನನ್ನ ಗಂಡ) ಓಡಿಸಿದರೆ ಅತ್ತೆ ಮುಂದೆ ಕೂರುತ್ತಾರೆ. ನಾನು ಓಡಿಸಿದರೆ ಹಿಂದೆ, ಕಿಟಕಿಯ ಮೇಲಿನ ಹಿಡಿಕೆ ಹಿಡಿದು, ಕಣ್ಣು ಮುಚ್ಚಿ. ನಾನು ಕಾರು ಕಲಿತಾಗಿನಿಂದ ಹೀಗೇ. ನಕ್ಕು ಸುಮ್ಮನಾಗುತ್ತೇನೆ. ಬೇಜಾರಾಗುವುದಿಲ್ಲವೇ? ಆಗುತ್ತದೆ.

ಕುಕನೂರಿನ ಹತ್ತಿರ ವಯಸ್ಸಾದ ಗಂಡ ಹೆಂಡತಿ ಕೈ ಮಾಡಿದರು, ನಿಲ್ಲಿಸಿದೆ. ಕೊಪ್ಪಳಕ್ಕೆ, ಮೊಮ್ಮಗಳನ್ನು ನೋಡಲು ಹೊರಟವರು. ಬಸ್ ತಪ್ಪಿತ್ತು. ಅಜ್ಜಿ ಆಗಲೇ ಹಿಂದಿನ ಬಾಗಿಲು ತೆಗೆದಿದ್ದರು. ಅಜ್ಜ ಬಗ್ಗಿ ಸ್ಟೇರಿಂಗ್ ಕಡೆ ನೋಡಿದರು, ನನ್ನ ಬಳೆ ನೋಡಿದರು, ಹಿಂದೆ ಸರಿದರು. ಮುಂದಿನ ಬಸ್ಸಿಗೆ ಬರುತ್ತೇವೆ ಎಂದರು.

“ಬಸ್ಸಿನ ಡ್ರೈವರ್ ಏನ್ ನಿಮ್ಮ ಅಳಿಯ ಅದಾನೇನು? ಹತ್ರಿ ಸುಮ್ನ,” ಅಂದರು ಅಜ್ಜಿ. ಅಜ್ಜ ಕದಲಲಿಲ್ಲ.

ಬೇಡ ಎನ್ನುವವರನ್ನು ಎಳೆದು ಕೂರಿಸಲಾಗುತ್ತದೆಯೇ? ನಾನು ಗೇರಿಗೆ ಕೈ ಹಾಕಿದೆ. ಅಷ್ಟರಲ್ಲಿ ನನ್ನ ಹಿಂದಿನ ಬಾಗಿಲು ತೆರೆಯಿತು. ಅತ್ತೆ ಮೊಣಕಾಲು ಹಿಡಿದುಕೊಂಡು ಇಳಿದರು, ಕಾರು ಸುತ್ತಿ ಬಂದರು, ನನ್ನ ಪಕ್ಕದಲ್ಲಿ ಕುಳಿತರು. (ಹಿಂದೆ ಮೂವರಿಗೂ ಜಾಗವಿತ್ತು, ಗಮನಿಸಿ.)

“ಹತ್ರಿ ಯಜಮಾನ್ರ. ನಮ್ಮ ಸೊಸಿ ಗಾಡಿ ಛಲೋ ಹೊಡಿತಾಳ. ನಾ ಮುಂದ ಕುಂತೀನಿ, ನನಗೇನ್ ಜೀವದ ಮ್ಯಾಲ ಆಸಿ ಇಲ್ಲೇನ್ರಿ?”

ಅಜ್ಜ ಹತ್ತಿದರು.

“ನಮ್ಮ ಸೊಸಿ” ಅಂದರೋ, ಬರೀ “ಈಕಿ” ಅಂದರೋ? “ನಮ್ಮ” ಅಂದದ್ದೇ ನನ್ನ ಕಿವಿಯಲ್ಲಿದೆ. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಕೊಪ್ಪಳದವರೆಗೂ ಅಜ್ಜಿ ಗಂಡನನ್ನು ಕುಟುಕುತ್ತಲೇ ಇದ್ದರು. ಹೆದರಿಕೆಯಾದರೆ ತನ್ನ ಸೆರಗು ಹಿಡಿದುಕೊಳ್ಳಲಿ ಎಂದಂತಿತ್ತು. ನನ್ನ ಗಮನವೆಲ್ಲ ಪಕ್ಕದ ಸೀಟಿನ ಮೇಲಿತ್ತು. ಲಾರಿ ಎದುರಾದಾಗಲೂ ಅತ್ತೆಯ ಕಣ್ಣು ತೆರೆದೇ ಇತ್ತು. ಕೈ ತೊಡೆಯ ಮೇಲಿತ್ತು. ಎಂ.ಎ. ರಿಸಲ್ಟ್ ಬಂದ ದಿನವೂ ನಾನು ಇಷ್ಟು ಬೆನ್ನು ನೆಟ್ಟಗೆ ಮಾಡಿ ಕೂತಿರಲಿಲ್ಲ. ಇಳಿಯುವಾಗ ಅಜ್ಜ “ಸಾವಕಾಶ ಹೋಗವ್ವಾ” ಎಂದದ್ದೂ ನನಗೆ ಸರ್ಟಿಫಿಕೇಟಿನಂತೆಯೇ ಕೇಳಿಸಿತು.

ಅಜ್ಜ ಅಜ್ಜಿ ಹೋದ ಮೇಲೆ ಅತ್ತೆಯನ್ನು ಒಂದು ಮಾತು ಕೇಳಿದೆ. ಅವರು ಕಿಟಕಿಯಾಚೆ ನೋಡಿದರು. ವಾರವಾಯಿತು, ಉತ್ತರ ಬಂದಿಲ್ಲ. ಕೇಳಿದ್ದು ಇಷ್ಟೇ:

“ಅತ್ತೀ, ಆ ಮಾತು ಅವರನ್ನ ಹತ್ತಿಸಾಕ ಅಂದ್ರೋ, ಖರೇನ ಅಂದ್ರೋ?”