ತದಡಿ ಬಂದರಿನಲ್ಲಿ ಕೂಗಿದ ಹೆಸರು

ನನ್ನ ಮದುವೆಯ ಮರುವರ್ಷ, ನಲವತ್ತರ ದಶಕದ ಆರಂಭ. ಯಲಬುರ್ಗಾ ಸೀಮೆಯ ನಮ್ಮ ಹಳ್ಳಿ ಮಂಗಳೂರಿನಿಂದ (ಕಡಲತಡಿಯ ಮಂಗಳೂರಲ್ಲ) ನಾನು, ನನ್ನ ಗಂಡ, ಅತ್ತೆ ಗೋಕರ್ಣಕ್ಕೆ ಹೋಗಿದ್ದೆವು. ಅತ್ತೆಯ ಹರಕೆ ತೀರಿಸಿ, ಕುಮಟಾಕ್ಕೆ ಹೋಗಲು ಬೆಳಿಗ್ಗೆ ತದಡಿ ಬಂದರಿಗೆ ಬಂದೆವು. ಅಲ್ಲಿ ದೋಣಿ ಹತ್ತಿ, ಹೊಳೆ ಕಡಲು ಸೇರುವ ಬಾಯಿಯನ್ನು ದಾಟಬೇಕು. ನಮ್ಮ ಮೂವರಲ್ಲಿ ಯಾರಿಗೂ ಈಜು ಬಾರದು.

ಗಂಡ ದೋಣಿಯಲ್ಲಿ ಗಂಟು ಜೋಡಿಸುತ್ತಿದ್ದರು. ಅತ್ತೆಯನ್ನು ಕೈಹಿಡಿದು ಹತ್ತಿಸಲು ದೋಣಿಯವನು ದಡಕ್ಕೆ ಬಂದಿದ್ದ. ಕಡಲ ಮೇಲೆ ಕಪ್ಪು ಮೋಡದ ಪಟ್ಟಿಯೊಂದು ಸರಿದುಹೋಯಿತು. ತಣ್ಣನೆ ಗಾಳಿ ಒಮ್ಮೆ ಬೀಸಿ ನಿಂತಿತು. ಸ್ವಲ್ಪ ಹೊತ್ತಿಗೆ ನೀರು ಸರಸರನೆ ಹಿಂದಕ್ಕೆ ಹೋಯಿತು. ಕೆಸರಿನಲ್ಲಿ ಮೀನು ಒದ್ದಾಡತೊಡಗಿದವು, ದೋಣಿ ವಾಲಿ ಕೂತಿತು. ದಡಕ್ಕೆ ನಡೆದೇ ಬರೋಣವೆಂದು ಗಂಡ ಒಂದು ಕಾಲು ಹೊರಗಿಟ್ಟರು.

"ಇಳಿಬೇಡಿ! ನೀರು ತಿರುಗಿ ಬರ್ತದೆ! ದೋಣಿಯಲ್ಲೇ ಮಲಗಿ!" ದೋಣಿಯವನು ಅರಚಿದ. ದಡದ ತುಂಬ ಚೀರಾಟ, ಅವರಿಗೆ ಕೇಳಲಿಲ್ಲ.

ನಾನು ಗಂಡನ ಹೆಸರು ಹಿಡಿದು ಕೂಗಿದೆ. ಆವರೆಗೆ ಅದು ನನ್ನ ಬಾಯಿಂದ ಬಂದದ್ದೇ ಇಲ್ಲ. ಅತ್ತೆ ನನ್ನ ರಟ್ಟೆ ಹಿಡಿದರು. ಬೈಯುತ್ತಾರೆಂದುಕೊಂಡೆ.

"ಇನ್ನೊಮ್ಮಿ ಕೂಗವ್ವಾ, ಜೋರ್ಲೆ ಕೂಗು!"

ಕೂಗಿದೆ. ಅವರು ತಿರುಗಿ ನೋಡಿದರು. ನಾನು ಕೈಯಿಂದ ಮಲಗಿ ಮಲಗಿ ಎಂದೆ. ಅವರು ದೋಣಿಯೊಳಗೆ ಕುಸಿದದ್ದೂ ನೀರು ನುಗ್ಗಿದ್ದೂ ಒಂದೇ ಸಲ. ಹೊಳೆಗೆ ಹೊಳೆಯೇ ಎದ್ದು ಬಂತು. ಹಗ್ಗ ಕಿತ್ತು ದೋಣಿ ಒಳನಾಡಿನ ಕಡೆ ಓಡಿತು, ಮತ್ತೆ ಕಡಲ ಕಡೆ ಎಳೆದುಹೋಯಿತು. ಒಂದು ವೀಳ್ಯ ಮೆಲ್ಲುವಷ್ಟು ಹೊತ್ತಿಗೊಮ್ಮೆ ಹೀಗೇ. ಪ್ರತಿ ಸಲವೂ ಇದೇ ಕಡೆಯದೆಂದುಕೊಂಡೆವು. ನೀರು ನುಗ್ಗುವಾಗ ದೋಣಿಯವನು ನಮ್ಮನ್ನು ಎಳೆದು ಹತ್ತಿಸಿದ ಬಂಡೆಯ ಮೇಲಿಂದ ನಾನೂ ಅತ್ತೆಯೂ ದೋಣಿಯನ್ನೇ ನೋಡುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ನೀರಿನ ಹೊಯ್ದಾಟ ನಿಂತಿತು. ದೋಣಿ ದಂಡೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳಲ್ಲಿ ಸಿಕ್ಕಿಕೊಂಡಿತ್ತು. ಮೀನುಗಾರರು ಗಂಡನನ್ನು ಹೊತ್ತು ತಂದರು.

"ಭೂಮಿ ನಡುಗಿತೇನಪ್ಪಾ?" ಅತ್ತೆ ಕೇಳಿದರು.

"ಇಲ್ಲಮ್ಮ. ಆ ಮೋಡ ನೀರನ್ನ ದೂಡ್ಕೊಂಡು ಬಂತು. ಇಕ್ಕಟ್ಟಿನ ಬಾಯಿಗೆ ಹೊಕ್ಕ ನೀರು ಹೀಗೇ ಹೊಯ್ದಾಡ್ತದೆ," ಎಂದ ದೋಣಿಯವನು.

ಗಾಳಿಯ ಒತ್ತಡದಲ್ಲಾಗುವ ತಟಕ್ಕನೆಯ ಬದಲಾವಣೆ ಅಲೆಯ ವೇಗದಲ್ಲೇ ಅದರ ಜೊತೆ ಸಾಗಿದರೆ ಅಲೆ ಬೆಳೆಯುತ್ತದೆಂದು ಎಷ್ಟೋ ವರ್ಷಗಳ ನಂತರ ಓದಿ ತಿಳಿದೆ. ಅಂದು ತಿಳಿದಿದ್ದರೂ ಹೆದರಿಕೆ ಕಡಿಮೆಯಾಗುತ್ತಿರಲಿಲ್ಲ.

ಕುಮಟಾಕ್ಕೆ ಹೋಗಲಿಲ್ಲ. ಗೋಕರ್ಣದ ಛತ್ರದಲ್ಲಿ ಗಂಡ ಮೂರು ದಿನ ಜ್ವರದಿಂದ ಮಲಗಿದರು. ಬಾವಿಗೆ ಯಾರೋ ಕೊಡ ಬಿಟ್ಟ ಸದ್ದಿಗೆ ಬೆಚ್ಚಿ ಎದ್ದು ನನ್ನ ಕೈ ಹಿಡಿದುಕೊಂಡರು. ಅತ್ತೆ ಎದುರಿಗೇ ಇದ್ದರು. ಆದರೂ ಅವರು ನನ್ನ ಕೈ ಬಿಡಲಿಲ್ಲ.